ಹನಮೇಶ ಓದಿದ ಪುಸ್ತಕಗಳು

ಸಾಣಾಪುರದ ಕೆರೆಯ ದಾರಿಯಲ್ಲಿ ನನ್ನದೊಂದು ಚಹಾದಂಗಡಿ. ಅದರ ಒಂದು ಗೋಡೆಯ ತುಂಬ ಇಂಗ್ಲಿಷ್ ಪುಸ್ತಕಗಳು. ನನಗೆ ಬರುವ ಇಂಗ್ಲಿಷ್ 'ಟೀ, ನೋ ಶುಗರ್' ಅಷ್ಟೇ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಹಂಪಿ ನೋಡಲು ಬಂದು ಹೊಳೆಯ ಈಚೆ ಉಳಿಯುವ ಪರದೇಶದವರು ಓದಿ ಮುಗಿಸಿದ್ದನ್ನು ಇಲ್ಲಿಟ್ಟು ಬೇರೊಂದನ್ನು ಒಯ್ಯುತ್ತಾರೆ. ಒಂದು ಇಟ್ಟರೆ ಒಂದು, ಇದು ನನ್ನ ಕಾಯದೆ. ಗಂಗಾವತಿಯೆಲ್ಲ ತಿರುಗಿದರೂ ಸಿಗದ ಪುಸ್ತಕ ನಾಹೀದಾಬೀ ಅಂಗಡಿಯಲ್ಲಿ ಸಿಗುತ್ತದೆ ಎನ್ನುತ್ತಾರೆ. ಆ ಮಾತಿಗೆ ನಾನು ಉಬ್ಬುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಟೋ ಓಡಿಸುವ ಹನಮೇಶ ಆ ಪರದೇಶದವರ ಜೊತೆ ಪಟಪಟ ಇಂಗ್ಲಿಷ್ ಮಾತಾಡುತ್ತಾನೆ. ದಿನಾ ಮಧ್ಯಾಹ್ನ ನನ್ನಲ್ಲೇ ಊಟ. ಉಂಡ ಮೇಲೆ ಒಂದು ಪುಸ್ತಕ ಹಿಡಿದು, ಹಾಳೆ ತಿರುವುತ್ತ, ಅದರ ಕತೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ರೊಟ್ಟಿ ನನ್ನದು, ಕತೆ ಅವನದು. ಐದು ವರ್ಷ ಹೀಗೇ ನಡೆಯಿತು. ಕಳ್ಳ ಸನ್ಯಾಸಿಯ ಕತೆಗೆ ಹೊಟ್ಟೆ ಹಿಡಿದು ನಕ್ಕಿದ್ದೇನೆ, ಕುರುಡು ರಾಜನ ಕತೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದೇನೆ. ಯಾರಾದರೂ ಪುಸ್ತಕ ಆರಿಸುವಾಗ ನಾನೇ ಬೊಟ್ಟು ಮಾಡಿ 'ಗುಡ್, ಗುಡ್' ಎನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ಕಾರಟಗಿಯಲ್ಲಿ ನನ್ನ ಮಗಳು ಜಾಸ್ಮೀನಳ ಕೂಸಿಗೆ ಹೆಸರಿಡುವ ಕಾರ್ಯ ಇತ್ತು. ನನ್ನನ್ನು ಫೋನಿನಲ್ಲಿ ಕರೆದಳು. ಹೆತ್ತ ತಾಯಿಯನ್ನು ಮನೆಗೆ ಬಂದು ಕರೆಯಬಾರದೇ? ನನಗೆ ಸಿಟ್ಟು ನೆತ್ತಿಗೇರಿತು, ಹೋಗಲಿಲ್ಲ. ಆಮೇಲೆ ಎರಡು ಸಲ ಫೋನ್ ಬಂತು, ನಾನು ಎತ್ತಲಿಲ್ಲ. ಅವಳೂ ಬಿಟ್ಟಳು. ಆ ಮನೆಯ ಸುದ್ದಿ ನನ್ನ ಮುಂದೆ ಯಾರೂ ತೆಗೆಯಬಾರದು ಎಂದು ಬಳಗಕ್ಕೆಲ್ಲ ಹೇಳಿಬಿಟ್ಟೆ.

ಅದೇ ದಿನಗಳಲ್ಲಿ ಹನಮೇಶ ಹಸಿರು ರಟ್ಟಿನ ಒಂದು ಪುಸ್ತಕ ಓದಿದ. ರಟ್ಟಿನ ಮೇಲೆ ಬಾಗಿಲ ಬಳಿ ನಿಂತ ಇಬ್ಬರು ಹೆಂಗಸರ ಚಿತ್ರ. ತಾಯಿ-ಮಗಳು ಮಾತು ಬಿಡುತ್ತಾರೆ; ತಾಯಿ ತನ್ನ ಮನೆಯಲ್ಲೇ ಗಟ್ಟಿಯಾಗಿ ಕೂತಿರುತ್ತಾಳೆ; ಏಳನೇ ವರ್ಷ ಮಗಳು ಬಂದು ಕಾಲಿಗೆ ಬೀಳುತ್ತಾಳೆ.

"ತಾಯಿ ಹೋಗಲೇ ಇಲ್ಲೇನೋ?" ಎಂದು ಕೇಳಿದೆ.

"ಇಲ್ಲಕ್ಕಾ. ದೊಡ್ಡಾಕಿ ಯಾಕ ಹೋಗಬೇಕ್ರಿ? ಸಣ್ಣಾಕಿನ ಬಂದ್ಲು."

ಆ ಕತೆಯನ್ನು ನಾಲ್ಕು ಸಲ ಹೇಳಿಸಿಕೊಂಡೆ. ಕಾರಟಗಿಗೆ ಹೋಗಬೇಕೆಂದು ಮನಸ್ಸು ಎಳೆದಾಗಲೆಲ್ಲ ಆ ತಾಯಿಯನ್ನು ನೆನೆದು ಕೂತೆ. ಪುಸ್ತಕದಲ್ಲಿ ಅಚ್ಚಾದದ್ದು ಸುಳ್ಳಾದೀತೇ?

ಕಳೆದ ಗುರುವಾರ ನರೆಗೂದಲಿನ ಪರದೇಶದ ಹೆಂಗಸೊಬ್ಬಳು ಬಂದು ಆ ಹಸಿರು ಪುಸ್ತಕ ನೋಡಿದವಳೇ ಎದೆಗೆ ಒತ್ತಿಕೊಂಡಳು. ತಾನಾಡಿದ್ದನ್ನು ಕನ್ನಡ ಮಾಡುವ ಫೋನು ಅವಳ ಕೈಯಲ್ಲಿತ್ತು. ಹಿಂದೆ ಓದಿದ್ದಳಂತೆ. ನಾನು ಫೋನಿಗೆ ಬಾಯಿ ಹಚ್ಚಿ ಹೇಳಿದೆ: "ಭಾಳ ಛಲೋ ಐತ್ರಿ. ಕಡೀಕ ಮಗಳು ಬರ್ತಾಳ."

ಅವಳು ತಲೆಯಾಡಿಸಿದಳು. ಫೋನು ಮಾತಾಡಿತು: "ಇಲ್ಲ. ತಾಯಿಯೇ ಹೋಗುತ್ತಾಳೆ. ಜಗಳವಾದ ಮರುದಿನವೇ ಹೋಗುತ್ತಾಳೆ."

ಕಳ್ಳ ಸನ್ಯಾಸಿಯನ್ನು ತೆಗೆದು ತೋರಿಸಿದೆ. ಅದು ಬೆನ್ನುನೋವಿನ ವ್ಯಾಯಾಮದ ಪುಸ್ತಕವಂತೆ. ಕುರುಡು ರಾಜ ಮೀನಡುಗೆಯ ಪುಸ್ತಕ. ಅವಳಿಗೆ ನಗು ಬಂತು, ನನ್ನ ಮುಖ ನೋಡಿ ನುಂಗಿಕೊಂಡಳು.

ಮಧ್ಯಾಹ್ನ ಹನಮೇಶ ಬಂದು ಗಂಗಾಳದ ಮುಂದೆ ಕೂತ. ನಾನು ರೊಟ್ಟಿ ಬಡಿಸಲಿಲ್ಲ, ಹಸಿರು ಪುಸ್ತಕ ಇಟ್ಟೆ. "ಓದು."

ಅವನು ಪುಸ್ತಕವನ್ನು ಪಕ್ಕಕ್ಕೆ ಸರಿಸಿದ. "ಮಾತಾಡಾಕ ಬರತೈತಿ ಅಕ್ಕಾ. ಮಂದಿ ಜೋಡಿ ತಿರುಗಿ ಕಲಿತೇನಿ. ಅಕ್ಷರ ಬರಂಗಿಲ್ಲ."

"ಮತ್ತ ತಾಯಿ ಹೋಗಲಿಲ್ಲ ಅಂತ ಯಾಕ ಹೇಳಿದಿ?"

"ನಿಮ್ಮ ಮಾರಿ ನೋಡಿ ಹೇಳಿದ್ನಿರಿ. ಹೋದ್ಲು ಅಂದಿದ್ರ ನೀವು ಸಿಟ್ಟಿಗೇಳತಿದ್ರಿ. ನಿಮಗ ಬೇಕಾದ ಕತಿನ ಹೇಳೇನಿ."

ಉಂಡ ಮನೆಗೆ ಎರಡು ಬಗೆದೆ ಎಂದು ಬಾಯಿಗೆ ಬಂದಂತೆ ಬೈದೆ. ನನ್ನ ಮೂರು ವರ್ಷ ತಿಂದೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದೆ. ಅವನು ಅಳುತ್ತ ಎದ್ದ. "ಈಗಲೇ ಕಾರಟಗಿಗೆ ಬಿಡ್ತೀನಿ ಬರ್ರಿ" ಎಂದ. ಅವನ ಆಟೋ ಹತ್ತುವುದಕ್ಕಿಂತ ನಡೆದೇ ಹೋದೇನು. ಕಾರಟಗಿಗೆಂದು ಬಸ್ಸು ಹತ್ತಿ, ಅವನನ್ನು ಶಪಿಸುತ್ತ ಹೊರಟೆ. ಗಂಗಾವತಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಶಾಪವೂ ಸಾಕಾಯಿತು. ನನಗೆ ಬೇಕಾದ ಕತೆಯನ್ನೇ ಹೇಳಿದ್ದಾನೆ, ಮುಂಡೇಗಂಡ. ಆ ಮಾತು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಜಾಸ್ಮೀನಳ ಮನೆ. ಬಾಗಿಲಲ್ಲಿ ಮೂರು ವರ್ಷದ ಹುಡುಗಿಯೊಂದು ನಿಂತಿತ್ತು, ಮೂಗು ಥೇಟ್ ನನ್ನ ಮಗಳದು. ಕರೆಯೋಣವೆಂದು ಬಾಯಿ ತೆರೆದೆ. ನನ್ನ ಮೊಮ್ಮಗಳ ಹೆಸರು ನನಗೆ ಗೊತ್ತಿರಲಿಲ್ಲ.

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ ಕೂಗಿತು: "ಅಮ್ಮೀ, ಯಾರೋ ಬಂದಾರ!"