ಹೊಸ್ತಿಲಿಗೆ ಕೊಯ್ದ ಹುಂಜ

"ಏಳಲೇ ಸೂಳಿಮಗನ. ಕೋಳಿ ಕೊಯ್ದ ಕೈಲೆ ಮಠದ ತಾಟು ಮುಟ್ಟತಿಯೇನು?"

ದೌಲತರಾಯನ ದನಿಗೆ ಹುಗ್ಗಿ ಬಡಿಸುತ್ತಿದ್ದವನ ಸೌಟು ಬಕೆಟ್ಟಿನ ಮೇಲೇ ನಿಂತಿತು. ಅಮೃತ ಬಾಯಿಗೊಯ್ದ ತುತ್ತನ್ನು ತಾಟಿಗಿಳಿಸಿ ಎದ್ದು ನಿಂತ. ಎದುರಿನ ಪಂಕ್ತಿಯಲ್ಲಿ ಕರಜಗಿಯ ದೊಡ್ಡ ಮಂದಿ, ಕಲಬುರಗಿಯಿಂದ ಬಂದ ಪೇಪರಿನವರು. ಈ ಪಂಕ್ತಿಯಲ್ಲಿ ಗಡಿಯಾಚೆಯಿಂದ ಕಬ್ಬು ಕಡಿಯಲು ಬಂದ ಅವನ ಟೋಳಿ. ಟೋಳಿಯವರಿಗೆಂದು ಮಠದ ಟ್ರಸ್ಟು ಕಟ್ಟಿಸಿದ ಕೋಣೆಗಳ ಉದ್ಘಾಟನೆ ಅವತ್ತು. ದೌಲತರಾಯ ಟ್ರಸ್ಟಿನ ಅಧ್ಯಕ್ಷ. ಇವರು ಕಡಿಯುವ ಕಬ್ಬೂ ಅವನದೇ.

ಬೆಳಿಗ್ಗೆ ಕೀಲಿ ಕೈಗೆ ಬಂದದ್ದೇ ತಡ, ಅಮೃತನ ಅವ್ವ ಗಂಗಾಬಾಯಿ ಊರಿಂದ ಬುಟ್ಟಿಯಲ್ಲಿ ಹೊತ್ತು ತಂದಿದ್ದ ಹುಂಜವನ್ನು ಹೊರತೆಗೆದಿದ್ದಳು. ಮದುವೆಯಾದಂದಿನಿಂದ ಅವರಿವರ ಹೊಲದಲ್ಲಿ, ಕಬ್ಬಿನ ಸೋಗೆಯ ಗುಡಿಸಲಲ್ಲೇ ಹೆತ್ತು ಸಾಕಿದವಳು. ಚಿಲಕ ಹಾಕಿಕೊಂಡು ಮಲಗಿದ್ದೇ ಗೊತ್ತಿಲ್ಲ. ಹೊಸ್ತಿಲಿಗೆ ದೇವಿಯ ಪಾಲಿನ ನೆತ್ತರು ಬೀಳದೆ ಒಲೆ ಹೊತ್ತಿಸಿದರೆ ಮನೆ ನಮ್ಮದಾಗುವುದಿಲ್ಲ ಎಂಬುದು ಅವರ ಕಡೆಯ ಪದ್ಧತಿ. ಕಬ್ಬು ಕಡಿಯುವ ಕೊಯ್ತಾದಿಂದಲೇ ಅಮೃತ ಹುಂಜ ಕೊಯ್ದ. ಇದು ಮಾಂಸ ಮುಟ್ಟದವರು ಕಟ್ಟಿಸಿದ ಮನೆ ಎಂಬುದು ಆ ಸಂಭ್ರಮದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ನೆತ್ತರಿನ ಹನಿ ಹಾರಿ ಗೋಡೆಯ ಹಾಲುಗಲ್ಲಿನಲ್ಲಿ ಕೊರೆಸಿದ್ದ ದೌಲತರಾಯನ ಅಪ್ಪನ ಹೆಸರಿನ ಮೇಲೆ ಕೂತಿತ್ತು.

ಗಂಗಾಬಾಯಿ ಓಡಿಬಂದು ಕೈಮುಗಿದಳು. "ಮನಿ ನಮ್ದಾಗ್ಲಿ ಅಂತ ಮಾಡೇವ್ರಿ ಸಾಹೇಬ್ರ."

"ನಿಮ್ದು?" ದೌಲತರಾಯ ಪಂಕ್ತಿಯ ಕಡೆ ತಿರುಗಿ ನಕ್ಕ. "ಯಾರ್ ಅಂದ್ರಬೇ ನಿಮ್ದಂತ? ಕಬ್ಬ ಮುಗಿಯೂತನಕ ಬಿದ್ದಿರ್ರಿ ಅಂದೇವಿ. ನಾಯಿಗಿ ನೆರಳ ಕೊಟ್ರ ಗ್ವಾಡಿ ನಂದಂತದ."

ಎದುರಿನ ಪಂಕ್ತಿ ನಕ್ಕಿತು. ಗಂಗಾಬಾಯಿ ಮುಗಿದ ಕೈ ಇಳಿಸಿದಳು. ಪೆಂಡಾಲಿನ ಪಕ್ಕದಲ್ಲೇ ಇದ್ದ ಕೋಣೆಯತ್ತ ನಡೆದಳು.

ದೌಲತರಾಯ ಮೈಕು ತರಿಸಿ ಅಪ್ಪಣೆ ಮಾಡಿದ. ಅಮೃತ ಹಣೆಗೆ ವಿಭೂತಿ ಹಚ್ಚಿಕೊಳ್ಳಬೇಕು, ನಾವು ದನದಂಗ ಇದ್ದೆವು, ಟ್ರಸ್ಟು ನಮ್ಮನ್ನು ಮನುಷ್ಯರನ್ನಾಗಿ ಮಾಡಿತು ಎನ್ನಬೇಕು, ಪೇಪರಿನವರು ಅದನ್ನು ಬರೆದುಕೊಳ್ಳಬೇಕು. ಆಮೇಲೆ ಅಮೃತನ ಕಿವಿಯ ಹತ್ತಿರ ಬಾಗಿ ದನಿ ತಗ್ಗಿಸಿದ. "ಹಿಂಗ ಅಂದ್ರ ನಿನ್ ತಂಗಿ ಸಾಲ್ಯಾಗ ಇರ್ತಾಳ. ಇಲ್ಲಂದ್ರ ಅಕಿ ಕೈಯಾಗೂ ಕೊಯ್ತಾ ಕೊಡು."

ತಂಗಿ ಸೀಮಾ ಟ್ರಸ್ಟಿನ ಶಾಲೆಯ ನೀಲಿ ಅಂಗಿ ತೊಟ್ಟು ಹುಡುಗಿಯರ ಸಾಲಿನಲ್ಲಿ ಕೂತಿದ್ದಳು. ಅಮೃತನನ್ನು ನಾಲ್ಕನೇ ಇಯತ್ತೆಯಲ್ಲೇ ಬಿಡಿಸಿ ಕಬ್ಬಿನ ಸಿವುಡು ಕಟ್ಟಲು ಹಚ್ಚಿದ್ದರು. ಇವಳು ಏಳನೆಯದು. ಕನ್ನಡದಲ್ಲೇ ಓದುತ್ತಾಳೆ, ಬರೆಯುತ್ತಾಳೆ. ಅವನನ್ನೇ ನೋಡುತ್ತ ತುಟಿ ಅಲ್ಲಾಡಿಸಿದಳು. ದನಿ ಬರದಿದ್ದರೂ ಅವನಿಗೆ ತಿಳಿಯಿತು: ಅಂದುಬಿಡಣ್ಣ.

ಅಮೃತ ಮೈಕು ಹಿಡಿದ. ಅನ್ನುವವನೇ ಇದ್ದ. ಅಷ್ಟರಲ್ಲಿ ಕೋಣೆಯ ಮುಂದೆ ಅವ್ವ ಕಂಡಳು. ಸೀರೆಯ ಸೆರಗಿಗೆ ಎಂಜಲು ಹಚ್ಚಿಕೊಂಡು ಆ ಹಾಲುಗಲ್ಲನ್ನು ಒರೆಸುತ್ತಿದ್ದಳು. ಒಂದೊಂದೇ ಅಕ್ಷರ, ಸಂದಿಗೆ ಉಗುರು ಹಾಕಿ.

ಮೈಕನ್ನು ತನ್ನ ತಾಟಿನ ಹುಗ್ಗಿಯೊಳಗೆ ನೆಟ್ಟು, ಪಂಕ್ತಿ ದಾಟಿ ಹೊರಟ.

"ಎಲ್ಲಿಗಲೇ ಹಾದರಕ್ಕ ಹುಟ್ಟಿದವನ? ತಿಂದ ಮನಿಗಿ ಹೇಲೋ ಜಾತಿ..." ದೌಲತರಾಯ ಆ ತಾಟಿನ ಮೇಲೇ ಬಾಗಿ ಬೈಯುತ್ತಿದ್ದ. ಮೈಕಿನ್ನೂ ಸತ್ತಿರಲಿಲ್ಲ. ಬೆಳಿಗ್ಗೆಯಿಂದ ವಚನ ಹಾಡುತ್ತಿದ್ದ ಮಠದ ಭೋಂಗಾ ಸ್ಪೀಕರು ಆ ಬೈಗುಳವನ್ನು ಅಕ್ಷರ ಬಿಡದೆ ಇಡೀ ಕರಜಗಿಗೆ ಸಾರಿತು. ಪೇಪರಿನವರು ಊಟ ಬಿಟ್ಟು ತಲೆಯೆತ್ತಿದರು. ಟೋಳಿಯವರು ಯಾರೂ ಏಳಲಿಲ್ಲ.

ಅಮೃತ ಅವ್ವನ ರಟ್ಟೆ ಹಿಡಿದು ಎಬ್ಬಿಸಿದ. ಸೀಮಾ ಕೂತೇ ಇದ್ದಳು. ಕೂತಿರಲಿ ಎಂದುಕೊಂಡ, ಶಾಲೆ ಬಿಡಿಸಿ ಎಬ್ಬಿಸುವುದಾದರೆ ಇಷ್ಟು ಮಂದಿಯ ಎದುರು ಟ್ರಸ್ಟಿನವರೇ ಎಬ್ಬಿಸಲಿ. ಕಡಿದ ಕಬ್ಬು ಬಿಸಿಲಲ್ಲಿ ಒಣಗುತ್ತ ಬಿದ್ದಿತ್ತು, ಟ್ರ್ಯಾಕ್ಟರು ಅರ್ಧ ತುಂಬಿ ನಿಂತಿತ್ತು. ಅದರ ಪಕ್ಕದಿಂದಲೇ ನಡೆದ. ಬೆನ್ನ ಹಿಂದೆ ಭೋಂಗಾ ಅವನ ಅವ್ವನ ಹೆಸರು ಹಿಡಿದು ಬೈಯುತ್ತಲೇ ಇತ್ತು.