ಮಾಜಿ ಅಧ್ಯಕ್ಷರ ಮನೆಯ ಕ್ಯಾನು

ನಮ್ಮೂರ ಡೈರಿಯಲ್ಲಿ ಒಂದು ಪದ್ಧತಿಯಿತ್ತು. ಹಾಲಿನ ಸಂಘಕ್ಕೆ ಒಮ್ಮೆ ಅಧ್ಯಕ್ಷರಾದವರು ಬದುಕಿರುವ ತನಕ ಸಾಲಿನಲ್ಲಿ ನಿಲ್ಲುವಂತಿಲ್ಲ. ಅವರ ಮನೆಯಿಂದ ಯಾರೇ ಕ್ಯಾನು ಹಿಡಿದು ಬಂದರೂ ಸೆಕ್ರೆಟರಿ ದಿಲೀಪ್ ಮಾಡುತ್ತಿದ್ದ ಕೆಲಸ ಬಿಟ್ಟು ಅವರ ಹಾಲನ್ನೇ ಮೊದಲು ಅಳೆಯಬೇಕು. ಆ ಹಾಲಿಗೆ ಡಿಗ್ರಿ, ಅಂದರೆ ಹಾಲಿನ ಗಟ್ಟಿ ಅಳೆಯುವ ಕೊಳವೆ, ಹಾಕಿ ನೋಡುವಂತೆಯೂ ಇರಲಿಲ್ಲ. ನೀರು ಬೆರೆಸಿದ್ದಾರೆಂದು ಅನುಮಾನಪಟ್ಟ ಹಾಗಾಗುತ್ತದಂತೆ!

ಊರಿಗೆ ಒಬ್ಬರೇ ಮಾಜಿ ಇದ್ದಾಗ ಇದು ಯಾರಿಗೂ ಭಾರವಾಗಿರಲಿಲ್ಲ. ಚುನಾವಣೆ ಮೇಲೆ ಚುನಾವಣೆ ಆಗಿ ಈಗ ಆರು ಜನ ಮಾಜಿಗಳಿದ್ದಾರೆ. ಬಾಗಿಲಲ್ಲಿ ಅವರ ಮನೆಯವರದ್ದೇ ಒಂದು ಸಾಲು, ಅದು ಕರಗಿದ ಮೇಲೆ ಊರಿನ ಸಾಲು. ಇವರೆಲ್ಲರಲ್ಲಿ ದೊಡ್ಡ ಮಾಜಿ ಎಂದರೆ ನನ್ನ ಮಾವ ಚಿಕ್ಕಸ್ವಾಮಿ. ಮೂರು ಸಲ ಅಧ್ಯಕ್ಷರಾಗಿದ್ದವರು, ನಾಲ್ಕನೆಯ ಸಲಕ್ಕೂ ಬಿಳಿ ಶರ್ಟು ಇಸ್ತ್ರಿ ಮಾಡಿಸಿ ಇಟ್ಟುಕೊಂಡವರು. ಕೆಟ್ಟವರಲ್ಲ. ತಾವಿಲ್ಲದಿದ್ದರೆ ಊರಿನ ಹಸುಗಳು ಹಾಲು ಕೊಡುವುದನ್ನೇ ನಿಲ್ಲಿಸುತ್ತವೆ ಎಂದು ಮನಸಾರೆ ನಂಬಿದ್ದರು, ಅಷ್ಟೇ.

ನಾನು ರಂಜಿತ, ಹೇಮಗಿರಿ ಕಡೆಯವಳು. ಬಿಂಡಿಗನವಿಲೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಯಿತು. ಗಂಡ ಮಂಜುನಾಥ ಬೆಳ್ಳೂರು ಕ್ರಾಸಿನಲ್ಲಿ ಟೈರು ಅಂಗಡಿ ಇಟ್ಟಿದ್ದಾನೆ, ಹಾಗಾಗಿ ಡೈರಿಗೆ ಹೋಗುವುದು ನನ್ನ ಪಾಲಿನ ಕೆಲಸ. ನನ್ನ ತವರಲ್ಲಿ ಡೈರಿ ಸಾಲು ಎಂದರೆ ಹೆಂಗಸರ ಅರ್ಧ ಬದುಕು. ಯಾರ ಸೊಸೆ ಬಸುರಿ, ಯಾರ ಹಸು ಗಬ್ಬ ನಿಂತಿಲ್ಲ, ಎಲ್ಲ ಗೊತ್ತಾಗುವುದು ಅಲ್ಲಿಯೇ. ಇಲ್ಲಿ ನಾನು ಕಾಣಿಸಿದ ಕೂಡಲೇ ಮಾತು ನಿಲ್ಲುತ್ತಿತ್ತು. ಎಲ್ಲರೂ ಸರಿದು ದಾರಿ ಬಿಡುತ್ತಿದ್ದರು. ಹಾಲು ಸುರಿದು ನಾನು ಮೂಲೆ ತಿರುಗಿದ ಮೇಲೆ ಮತ್ತೆ ನಗು ಕೇಳಿಸುತ್ತಿತ್ತು. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಇಡೀ ಊರಲ್ಲಿ ನನಗೆ ಒಬ್ಬಳೂ ಗೆಳತಿ ಇರಲಿಲ್ಲ.

ಅತ್ತೆ ಸೋಮಮ್ಮನ ಹತ್ತಿರ ಹೇಳಿಕೊಂಡರೆ, "ಬಿರ್ರನೆ ಬಂದ್ಬುಡ್ತೀಯಲ್ಲ ಮಗ, ಇನ್ನೇನ್ ಬೇಕು?" ಎಂದರು.

ಈ ವರ್ಷ ಸಂಘದ ಸರ್ವ ಸದಸ್ಯರ ಸಭೆ ನಡೆಯಿತು. ಸದಸ್ಯತ್ವ ನನ್ನ ಹೆಸರಲ್ಲೂ ಇರುವುದರಿಂದ ನಾನೂ ಹೋಗಿದ್ದೆ. ಸಾಲಿನ ತುದಿಯಲ್ಲಿ ನಿಂತೇ ತಲೆ ಬೆಳ್ಳಗಾದ ತಿಮ್ಮರಾಜು ಎದ್ದು ಒಂದೇ ಉಸಿರಿಗೆ ಹೇಳಿದ: "ಮಾಜಿಗಳೂ ಸಾಲಲ್ಲೇ ನಿಂತ್ಕಬೇಕು. ಅವ್ರ ಹಾಲ್ಗೂ ಡಿಗ್ರಿ ಹಾಕ್ಬೇಕು. ಎರಡು ಸಲ ಅಧ್ಯಕ್ಷ್ರಾದೋರು ತಿರ್ಗ ಎಲೆಕ್ಷನ್ನಿಗೆ ನಿಲ್ಲಂಗಿಲ್ಲ."

ಚುನಾವಣೆಗೆ ನಿಲ್ಲಬೇಡಿ ಎನ್ನಲು ಕಾನೂನಿನಲ್ಲಿ ಬರುವುದಿಲ್ಲ, ಬೇಕಾದರೆ ಊರೊಪ್ಪಂದ ಮಾಡಿಕೊಳ್ಳಿ ಎಂದ ದಿಲೀಪ್, "ಒಪ್ಪೋರು ಕೈ ಎತ್ರಪ್ಪ" ಎಂದು ಕೇಳಿದ.

ಮುಂದೆ ಕೂತಿದ್ದ ಆರು ಮಾಜಿಗಳೂ ಕುರ್ಚಿ ತಿರುಗಿಸಿ ಜನರನ್ನು ನೋಡುತ್ತಾ ಕೂತರು. ಒಂದು ಕೈಯೂ ಮೇಲೆ ಏಳಲಿಲ್ಲ. ತಿಮ್ಮರಾಜು ತನ್ನ ಕೈಯನ್ನು ಕಿವಿಯವರೆಗೆ ತಂದು, ಅಲ್ಲಿಗೇ ನಿಲ್ಲಿಸಿ ಕಿವಿ ತುರಿಸಿಕೊಂಡ. ನನಗೆ ಎಲ್ಲಿತ್ತೋ ಸಿಟ್ಟು, ಹಿಂದೆ ಮುಂದೆ ನೋಡದೆ ಕೈ ಎತ್ತಿಬಿಟ್ಟೆ.

ಮಾವನ ಮುಖ ಕಪ್ಪಿಟ್ಟಿತು. "ಏನವ್ವ, ನನ್ ಮೇಲೇನಾ?"

"ನಿಮ್ ಮೇಲಲ್ಲ ಮಾವ. ನಂಗೆ ಸಾಲಲ್ಲಿ ನಿಂತ್ಕಬೇಕು. ಈ ಊರ್ಗೆ ಬಂದಾಗ್ನಿಂದ ನನ್ನ ಒಬ್ರೂ ಮಾತಾಡ್ಸಿಲ್ಲ. ಮರ್ಯಾದೆ ನಿಮ್ದು, ದಿನಾ ಹೊತ್ಕೊಂಡು ಓಗೋಳು ನಾನು."

ಮಾವ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಸಾಲ್ಗೆ ಒಪ್ಕತೀನಿ. ಎಲೆಕ್ಷನ್ ಮಾತು ಬುಟ್ಬುಡಿ" ಎಂದರು.

"ಎರಡೂ ಒಂದೇ ಠರಾವು" ಎಂದ ತಿಮ್ಮರಾಜು. ಅವನಿಗೆ ಈಗ ಧೈರ್ಯ ಬಂದಿತ್ತು.

ಮಾವ ನನ್ನನ್ನೇ ನೋಡಿದರು. ಅಷ್ಟು ಆಸೆ ಇಟ್ಟುಕೊಂಡಿದ್ದ ಮನುಷ್ಯ, ಪಾಪ ಅನ್ನಿಸಿತು. ಆದರೂ ಕೈ ಇಳಿಸಲಿಲ್ಲ. ಕೊನೆಗೆ ಅವರು, "ನನ್ ಸೊಸೆ ಕೈ ನೋಯ್ತಾ ಅದೆ, ಬೇಗ ಎತ್ರಲಾ" ಎಂದು ತಮ್ಮ ಕೈಯನ್ನೇ ಎತ್ತಿದರು. ಆಮೇಲೆ ಕೈಗಳಿಗೇನು ಕೊರತೆ!

ಆ ಸಂಜೆ ಮಾವ ನನ್ನೊಂದಿಗೆ ಮಾತಾಡಲಿಲ್ಲ, ಕಾಫಿಯನ್ನೂ ಅತ್ತೆಯ ಮೂಲಕ ಕೇಳಿದರು. ಬೆಳಗ್ಗೆ ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಊರಿಗೆಲ್ಲ ಹಿರಿಯಳಾದ ದೊಡ್ಡತಾಯಮ್ಮ ತಿರುಗಿ ನೋಡಿ, "ನಿಮ್ಮಟ್ಟೀಲಿ ಇವತ್ತೇನವ್ವ ಸಾರು?" ಎಂದು ಕೇಳಿದಳು. ಉಪ್ಸಾರು ಎಂದರೆ ಸಾಕಿತ್ತು. ನಾನು ಸೊಪ್ಪು ಯಾವುದು, ಖಾರ ಹೇಗೆ ಅರೆದೆ ಎಂಬುದನ್ನೆಲ್ಲ ಹೇಳಿದೆ. ಪಕ್ಕದವಳು ತಮ್ಮನೆ ಖಾರದ ಲೆಕ್ಕ ತೆಗೆದಳು. ಮನೆಗೆ ಬರುವಾಗ ಬಿಸಿಲು ಏರಿತ್ತು, ನನಗೆ ಹಬ್ಬ ಮಾಡಿದಷ್ಟು ಸಂತೋಷವಾಗಿತ್ತು.

ಜಗುಲಿಯಲ್ಲಿ ಕೂತಿದ್ದ ಮಾವ ತಡೆಯಲಾರದೆ ಬಾಯಿಬಿಟ್ಟರು. "ನನ್ ಬಗ್ಗೆ ಏನಂದ್ರು?"

"ನೀವು ಅಧ್ಯಕ್ಷ್ರಾಗಿದ್ದಾಗ ಸಂಘಕ್ಕೆ ತರ್ಸ್ತಿದ್ದ ಹಿಂಡೀನ ಹಸುಗಳು ಮೂಸೂ ನೋಡ್ತಿರ್ಲಿಲ್ವಂತೆ."

"ಅಂಗಾ? ನಂಗೊಬ್ರೂ ಯೋಳ್ನಿಲ್ವಲ್ಲ!"

ಸಂಜೆ ಒಂದು ಕ್ಯಾನನ್ನು ಅವರೇ ಎತ್ತಿಕೊಂಡು ಹೊರಟರು. ಇವರನ್ನು ಕಂಡು ಸಾಲು ಮತ್ತೆ ಸರಿದು ದಾರಿ ಬಿಟ್ಟರೆ ಏನು ಗತಿ ಎನ್ನಿಸಿತು. ಇನ್ನೊಂದು ಕ್ಯಾನು ಹಿಡಿದು ಹಿಂದೆಯೇ ಓಡಿದೆ. ನಾನು ಹೆದರಿದಂತೆಯೇ ಆಯಿತು. ಮಾವನನ್ನು ಕಂಡು ಸಾಲು ಗಪ್‌ಚುಪ್ ಆಯಿತು, ಹೆಂಗಸರು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯತೊಡಗಿದರು. ಗಳಿಸಿದ್ದೆಲ್ಲ ಒಂದೇ ದಿನಕ್ಕೆ ಹೋಯಿತಲ್ಲ ಎಂದು ನನಗೆ ಅಳು ಬಂತು.

"ಯಾಕ್ಲಾ ಚಿಕ್ಕಸ್ವಾಮಿ, ಕ್ಯಾನ ದಾರೀಲಿ ಮಡಗಿದ್ದೀಯ? ಇತ್ಲಾಗ್ ತಗೀಲಾ" ಎಂದಳು ದೊಡ್ಡತಾಯಮ್ಮ.

ಅಧ್ಯಕ್ಷರೇ ಎನ್ನದೆ ಮಾವನನ್ನು ಹೆಸರು ಹಿಡಿದು ಕರೆದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರು ತಿರುಗಿ ಅವಳ ಮುಖ ನೋಡಿದರು. ಆಮೇಲೆ ಕ್ಯಾನು ಎತ್ತಿ ಪಕ್ಕಕ್ಕಿಟ್ಟು, "ತಗ್ದೆ ಕಣಕ್ಕ" ಎಂದರು. ಮುಂದಿದ್ದ ತಿಮ್ಮರಾಜುವಿನ ಭುಜ ತಟ್ಟಿ, "ಅದೇನ್ಲಾ ಹಿಂಡಿ ಕತೆ? ಮುಚ್ಮರೆ ಬ್ಯಾಡ, ಯೋಳು" ಎಂದು ಕೇಳಿದರು. ಎಲ್ಲರೂ ಒಟ್ಟಿಗೇ ಹೇಳತೊಡಗಿದರು. ಮಾವನೇ ಎಲ್ಲರಿಗಿಂತ ಜೋರಾಗಿ ನಕ್ಕರು.

"ರಂಜಿತಕ್ಕ, ನಿಮ್ ಸರದಿ!" ಎಂದು ದಿಲೀಪ್ ಒಳಗಿನಿಂದ ಕೂಗಿದ. ನಾನು ಹಿಂದೆ ನಿಂತಿದ್ದವಳನ್ನು ಮುಂದಕ್ಕೆ ತಳ್ಳಿ, "ನೀ ಓಗವ್ವ, ನನ್ ಮಾತಿನ್ನೂ ಮುಗ್ದಿಲ್ಲ" ಎಂದೆ.