ಮೆತ್ತಗಿದೆ

ಇನ್ನಷ್ಟು ಒತ್ತಿಬಿಟ್ಟರೆ? ಅಣ್ಣನ ಕತ್ತಿನ ಎಡಬದಿಯ ಮೇಲೆ ಸ್ಕ್ಯಾನಿನ ಹಿಡಿ ಆಡಿಸುತ್ತಿದ್ದ ತಮ್ಮ ತಟ್ಟನೆ ಕೈ ಸಡಿಲಿಸಿದ. ಹುಟ್ಟಿದಾಗಿನಿಂದ ಈ ಮನುಷ್ಯ ತನ್ನ ಕತ್ತು ಹಿಡಿದಿದ್ದ. ಇವತ್ತು ಸರದಿ ಬದಲಾಗಿತ್ತು, ಅದೂ ಬಿಳಿ ಕೋಟು ತೊಟ್ಟು, ಮರ್ಯಾದೆಯಾಗಿ.

"ಏನೋ, ಮುಟ್ಟೋಕೂ ಭಯನಾ? ಡಾಕ್ಟ್ರಂತೆ ಡಾಕ್ಟ್ರು!"

"ಮಾತಾಡಬೇಡಣ್ಣ. ಚಿತ್ರ ಅಲ್ಲಾಡುತ್ತೆ."

ಇಷ್ಟು ಹೇಳಲಿಕ್ಕೆ ಹನ್ನೊಂದು ವರ್ಷ ಓದಬೇಕಾಗಿ ಬಂದಿತ್ತು.

ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಒಳಗೇನಿದೆ ಅನ್ನುವುದನ್ನೂ ಹೊಸ ಮೆಶೀನು ತೋರಿಸುತ್ತಿತ್ತು. ಗಟ್ಟಿಯಿದ್ದರೆ ಭಯ ಕಡಿಮೆ. ಇದು ಮೆತ್ತಗಿತ್ತು. ಒಳಗೆ ರಕ್ತ ಜಿನುಗಿತ್ತು, ಮೇಲೆ ಹಾಲಿನ ಕೆನೆಯಷ್ಟು ಪೊರೆ. ಅದು ಒಡೆದರೆ ಚೂರು ಸೀದಾ ಮಿದುಳಿಗೆ. ಇವತ್ತೇ ಅಡ್ಮಿಟ್ ಮಾಡಬೇಕು.

"ಹೇಗಿದೆ?" ಮೂಲೆಯಿಂದ ಅತ್ತಿಗೆ ಕೇಳಿದಳು. ಅವಳ ಮಣಿಕಟ್ಟಿಗೆ ಬ್ಯಾಂಡೇಜು. ಬಾಗಿಲಿಗೆ ಸಿಕ್ಕಿತಂತೆ. ಆ ಮನೆಯ ಬಾಗಿಲುಗಳಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

"ಮೆತ್ತಗಿದೆ."

"ಸದ್ಯ!" ಅಣ್ಣ ಎದ್ದು ಕೂತ. "ಕೇಳಿದ್ಯೇನೇ? ನನ್ನಲ್ಲೂ ಮೆತ್ತಗಿರೋದು ಒಂದಿದೆ!"

ತಿದ್ದಬೇಕಿತ್ತು. ತಮ್ಮ ಮೆಶೀನು ಆರಿಸಿದ. ಹೊರಡುವಾಗ ಅಣ್ಣ ಎಂದಿನಂತೆ ತಮ್ಮನ ಕತ್ತಿಗೆ ಪಟೀರನೆ ಬಾರಿಸಿದ. ಪ್ರೀತಿಯ ಏಟು. ಕಣ್ಣಲ್ಲಿ ನೀರು ಬಂತು. ಸಾಯಲಿ, ಅಂದುಕೊಂಡ ತಮ್ಮ. ನಾಚಿಕೆಯಾಗಲಿಲ್ಲ, ಆಗಲಿಲ್ಲವಲ್ಲ ಎಂದು ಹೆದರಿಕೆಯಾಯಿತು.

ಅತ್ತಿಗೆ ಬಾಗಿಲಲ್ಲಿ ನಿಂತಳು. "ಮೆತ್ತಗಿದ್ರೆ ಒಳ್ಳೇದೇ ಅಲ್ವಾ?"

"ಅಲ್ಲ ಅತ್ತಿಗೆ."

"ಲಕ್ವ ಹೊಡೆಯುತ್ತಾ?"

"ಹೊಡೀಬಹುದು."

"ಯಾವಾಗ?"

"ಯಾವಾಗ ಬೇಕಾದ್ರೂ. ಹೇಳಕ್ಕಾಗಲ್ಲ."

ಅವಳು ತಲೆಯಾಡಿಸಿದಳು. ಯಾವಾಗ ಬೇಕಾದರೂ ಬೀಳುವ ಹೊಡೆತದ ಬಗ್ಗೆ ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

"ಅವರಿಗೆ ಹೇಳಲ್ವಾ?"

"ನೀವು ಹೇಳ್ತೀರಾ?"

"ನನ್ನ ಮಾತು ಯಾವಾಗ ಕೇಳಿದಾರೆ?" ಎಂದು ಹೊರಟಳು.

ತಮ್ಮ ಫೋನು ಎತ್ತಿಕೊಂಡ. ಆಸ್ಪತ್ರೆಯೊಳಗಿನ ಎಮರ್ಜೆನ್ಸಿಗೆ ಎರಡೇ ಅಂಕಿ. ಮೊದಲನೆಯದನ್ನು ಒತ್ತಿದ. ಕಿಟಕಿಯ ಕೆಳಗೆ, ಕಾರಿನ ಪಕ್ಕ, ತಡಮಾಡಿದ್ದಕ್ಕೆ ಅಣ್ಣ ಅತ್ತಿಗೆಯ ಮೇಲೆ ಹರಿಹಾಯುತ್ತಿದ್ದ. ಕತ್ತಿನ ನರ ಉಬ್ಬಿತ್ತು. ಬಲಗೈ ಮೇಲೆದ್ದಿತು.

ಎದ್ದ ಕೈ ಅಲ್ಲೇ ನಿಂತಿತು. ಅಣ್ಣ ಅದನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡಿದ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆಮೇಲೆ ಕೈ ಜೋತುಬಿದ್ದು ಅತ್ತಿಗೆಯ ಭುಜದ ಮೇಲೆ ಇಳಿಯಿತು, ಮೆತ್ತಗೆ.

ಅತ್ತಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಏಟಿಗೆ ಕಾಯುತ್ತಿದ್ದಳು. ಮೇಲೆ ತಮ್ಮನ ಬೆರಳು ಎರಡನೆಯ ಅಂಕಿಯ ಮೇಲೆ ಹಾಗೇ ನಿಂತಿತ್ತು.